ನಾಳೆಯೇ ವೇಷ

ರಾತ್ರಿ ಒಂಬತ್ತಕ್ಕೆ ನೆನಪಾಗುತ್ತದೆ ಅವನಿಗೆ,
ಬ್ರಶ್ಶು ಬಾಯಲ್ಲಿರುವಾಗ:
'ಅಮ್ಮಾ, ನಾಳೆ ವೇಷ.'
ಬ್ಯಾಗಿನ ತಳದಲ್ಲಿ, ಬಾಳೆಹಣ್ಣಿನ ಸಿಪ್ಪೆಯಡಿ
ಮೂರು ವಾರ ಮಲಗಿದ್ದ ಚೀಟಿ
ಕಪ್ಪಗೆ, ಅಂಟಂಟಾಗಿ ಎದ್ದು ಬಂತು.
'ಖರ್ಚು ಬೇಡ, ಮನೆಯಲ್ಲಿದ್ದದ್ದೇ ಸಾಕು.'

ಮನೆಯಲ್ಲಿದ್ದದ್ದು:
ಮೊಂಡು ಕತ್ತರಿ,
ತುದಿ ಸಿಗದ ಸೆಲೋಟೇಪು,
ಹಗಲೆಲ್ಲ ವಾರ್ಡಿನಲ್ಲಿ ನಿಂತು ಬಂದ ನಾನು.

'ಏನಾಗ್ತೀಯೋ? ಹುಲಿ? ಮೀಸೆ ಬರೆದರೆ ಆಯಿತು.
ದೆವ್ವ? ಹಾಸಿಗೆ ಬಟ್ಟೆಗೆ ಎರಡು ತೂತು.'
ಎರಡಕ್ಕೂ ತಲೆ ಅಡ್ಡ ಆಡಿತು.
'ಡೊರೀನ್.'

ಡೊರೀನ್ ಅಂದರೆ ನಮ್ಮ ಇಳಿಜಾರಿನ ತಿರುವಿನಲ್ಲಿ
ಹಳದಿ ಕೋಟು ತೊಟ್ಟು,
'ನಿಲ್ಲಿ' ಎಂಬ ದುಂಡು ಫಲಕದ ಕೋಲೂರಿ
ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದವಳು.
ಹಡರ್ಸ್‌ಫೀಲ್ಡಿನ ಗಾಳಿಗೆ ಬಗ್ಗದ ಬೆನ್ನು,
ಮೆಟ್ಟಿಲಿಗೂ ಬಗ್ಗದ ಮಂಡಿ.
ಕ್ರಿಸ್‌ಮಸ್ ಕಳೆದ ಮೇಲೆ ಅವಳಿಲ್ಲ.
ಕೌನ್ಸಿಲ್ಲಿನ ಲೆಕ್ಕದಲ್ಲಿ ಯಾರೋ ಒಂದು ಸಾಲು ಹೊಡೆದುಹಾಕಿ
ಕಂಬಕ್ಕೊಂದು ಮಿನುಗುದೀಪ ಸಿಕ್ಕಿಸಿದರು.
ದೀಪಕ್ಕೆ ಯಾರ ಹೆಸರೂ ಗೊತ್ತಿಲ್ಲ.

ಒಂಬತ್ತೂವರೆಗೆ ಹಳದಿಗೆಲ್ಲಿ ಹೋಗಲಿ?
ಸಾಂಬಾರ ಡಬ್ಬಿ ತೆರೆದೆ: ಸಾಸಿವೆ, ಮೆಂತ್ಯ, ಅರಿಶಿನ.
ದಿಂಬಿನ ಬಿಳಿ ಚೀಲ ಬಿಸಿನೀರಲ್ಲಿ ಮುಳುಗಿತು,
ಎತ್ತಿದರೆ, ಅಬ್ಬಾ, ಮದುಮಗಳ ಕೆನ್ನೆ!
ಕತ್ತಿಗೊಂದು ತೂತು, ತೋಳಿಗೆರಡು,
ಚಪಾತಿ ಸುತ್ತುವ ಬೆಳ್ಳಿಹಾಳೆಯ ಪಟ್ಟಿ ಎದೆಗಡ್ಡ.

ಫಲಕಕ್ಕೆ ಪಿಜ್ಜಾದ ರಟ್ಟು,
ಊಟದ ತಟ್ಟೆ ಬೋರಲಿಟ್ಟು ಗೀರಿದ ಸುತ್ತು,
ಹಿಡಿಕೆಗೆ ಪೊರಕೆಯ ಕೋಲು.
ಅಂಚಿಗೆ ಕೆಂಪು ಬೇಕು. ಸ್ಕೆಚ್ ಪೆನ್ನು ಒಣಗಿ ಕಿರುಗುಟ್ಟಿತು.
ಆಗ ನೆನಪಾಯಿತು ಅಜ್ಜಿಯ ಆರತಿ ತಟ್ಟೆ,
ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ
ಕೆಂಪಗೆ ತಿರುಗುವ ಓಕುಳಿ.
ಇಲ್ಲಿ ಸುಣ್ಣವೆಲ್ಲಿ? ಕೇಕಿನ ಸೋಡಾಪುಡಿ ಸುರಿದೆ.
ಕೆಂಪಾಯಿತು. ಕೆಂಪು ಅನ್ನಬಹುದು,
ಇಟ್ಟಿಗೆ ಬಣ್ಣ ಅಂದರೂ ಜಗಳವಿಲ್ಲ.
ಭುವನ್ ಬೆರಳದ್ದಿ 'ಮ್ಯಾಜಿಕ್ಕಾ?' ಅಂದ.
'ಕೆಮಿಸ್ಟ್ರಿ' ಅಂದೆ ನಾನು.
ಅಜ್ಜಿ ಇದ್ದಿದ್ದರೆ, 'ದೃಷ್ಟಿಗೆ ಕಣೇ' ಅನ್ನುತ್ತಿದ್ದಳು.

ಬೆಳಿಗ್ಗೆ ಬೀದಿ ತುಂಬ ರಾಜಕುಮಾರಿಯರು, ಗಗನಯಾತ್ರಿಗಳು,
ಬಾಲ ತುಳಿದುಕೊಂಡು ಮುಗ್ಗರಿಸುವ ಮೊಸಳೆ,
ವೇಷದ ಮೇಲೆ ಸ್ವೆಟರು ಹಾಕಿದ್ದಕ್ಕೆ
ಅಳುತ್ತ ಬರುವ ಕಡಲ್ಗಳ್ಳ.
ತುಂತುರು ಹನಿ ಬೇರೆ.
ನನ್ನ ಡೊರೀನನ ಬಿಳಿ ಸಾಕ್ಸಿನ ಮೇಲೆ
ತೊಟ್ಟು ತೊಟ್ಟಾಗಿ ಅರಿಶಿನ ಇಳಿಯುತ್ತಿತ್ತು.

ತಿರುವಿನಲ್ಲಿ, ಆಚೆ ಬದಿಯ ಬಸ್ಸಿಗೆಂದು,
ಗಾಲಿಚೀಲ ಹಿಡಿದು ನಿಂತಿದ್ದಳು ಅವಳೇ.
ಬೂದು ಕೋಟಿನಲ್ಲಿ ಗುರುತು ಹಿಡಿಯಲು
ನನಗೆ ಹೊತ್ತು ಬೇಕಾಯಿತು,
ಅವನಿಗಿಲ್ಲ.
ದೀಪ ಮಿನುಗುತ್ತಿತ್ತು, ಕಾರುಗಳು ಹೋಗುತ್ತಲೇ ಇದ್ದವು.
ನನ್ನ ಬೆರಳು ಬಿಡದೆ, ಕಲ್ಲಿನಂಚು ದಾಟದೆ
ಪಿಜ್ಜಾದ ರಟ್ಟನ್ನೆತ್ತಿದ.

ಬ್ರೆಡ್ಡಿನ ವ್ಯಾನು ನಿಂತಿತು.
ಅದರ ಹಿಂದಿನದೂ.

'ಮೊದಲು ಎಡಕ್ಕೆ ನೋಡಬೇಕು' ಎಂದ, ಅವಳಿಗೇ.
ಅವಳು ನಗಲಿಲ್ಲ.
'ಮೊದಲು ಬಲಕ್ಕೆ, ಮಗೂ' ಎಂದು ತಿದ್ದಿ,
ಬಲಕ್ಕೆ ನೋಡಿ, ಎಡಕ್ಕೆ ನೋಡಿ,
ಮತ್ತೆ ಬಲಕ್ಕೆ ನೋಡಿ
ಮಂಡಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ದಾಟಿದಳು.
ಆಚೆ ನಿಂತು ಕೈಯೆತ್ತಿದ್ದು
ವ್ಯಾನಿನವನಿಗೋ, ನಮಗೋ.

ಬಹುಮಾನ ಮೊಸಳೆಗೆ ಹೋಯಿತು.
ಹೋಗಬೇಕಾದ್ದೇ. ಅದರ ಬಾಯಿ ತೆರೆದು ಮುಚ್ಚುತ್ತಿತ್ತು.

ಚೀಲವನ್ನು ಮೂರು ಸಲ ಒಗೆದೆ.
ಸೋಪು ತಾಗಿದಲ್ಲೆಲ್ಲ ಕೆಂಪಾಗಿ ರೇಗಿಸಿ
ಮತ್ತೆ ಹಳದಿಗೇ ಬಂದು ಕೂತಿತು.
ತೂತುಗಳಿದ್ದರೂ ಇರಲಿ ಎಂದು
ದಿಂಬಿಗೆ ಹಾಕಿ ಮಲಗಿದೆ.

ಮರುದಿನ ಹನ್ನೊಂದನೇ ಹಾಸಿಗೆಯ ಮುದುಕ
'ಸಿಸ್ಟರ್, ನಿನ್ನ ಕಿವಿ ಹಳದಿ' ಎಂದ.
'ಯಾವುದು?' ಎಂದೆ.
ಬಲಕ್ಕೆ ನೋಡಿದ, ಎಡಕ್ಕೆ ನೋಡಿದ.
'ಎರಡೂ.'